ಹಾಜಿಗಳ ರಸೀದಿಯೂ ನನ್ನ ಖಡಕ್ ರೊಟ್ಟಿಯೂ

ಸುಳ್ಳು ಹೇಳುವವನನ್ನು ಜನ ಒಂದಲ್ಲ ಒಂದು ದಿನ ಕ್ಷಮಿಸುತ್ತಾರೆ, ಕೀಟಲೆ ಮಾಡುವವನನ್ನು ಮಾತ್ರ ಜನ್ಮದಲ್ಲಿ ನಂಬುವುದಿಲ್ಲ. ನನಗೆ ಇದರ ಬಗ್ಗೆ ಬೇಸರವಿಲ್ಲ. ಯಾರೂ ನಂಬದಿದ್ದರೆ ಬದುಕು ಎಷ್ಟು ಹಗುರ ಎಂದು ನಂಬಿಕಸ್ಥರಿಗೆ ಗೊತ್ತಿರುವುದಿಲ್ಲ. ಬರ್ಮಿಂಗ್‌ಹ್ಯಾಮಿನ ಪಕ್ಕದ ಸೊಲಿಹಲ್‌ನ ನಮ್ಮ ಬೀದಿಗೆ ಹೊಸದಾಗಿ ಬಂದ ಒಬ್ಬ ಮೈಸೂರಿನ ಹುಡುಗನಿಗೆ, ಕಸದ ಬಿನ್ನಿನ ಬಾಯಿ ಪೂರ್ವಕ್ಕೆ ಇಟ್ಟರೆ ಮಾತ್ರ ಕೌನ್ಸಿಲ್ ಲಾರಿಯವರು ಎತ್ತುತ್ತಾರೆ ಎಂದು ನಾನು ಹೇಳಿದ್ದುಂಟು. ಅವನು ಅದನ್ನು ವಾಸ್ತುವಿಗೆ ಸೇರಿಸಿಕೊಂಡು ಇನ್ನೂ ನಾಲ್ಕು ಮನೆಗೆ ಹೇಳಿದ. ಬಹಳ ದಿನ ನಮ್ಮ ಬೀದಿಯ ಕನ್ನಡಿಗರ ಬಿನ್ನುಗಳೆಲ್ಲ ಸೂರ್ಯನಮಸ್ಕಾರಕ್ಕೆ ನಿಂತಂತೆ ಒಂದೇ ದಿಕ್ಕಿಗೆ ನಿಂತಿದ್ದವು. ಪಕ್ಕದ ಮನೆಯ ಮಾರ್ಗರೆಟ್ ಕೂಡ ನೋಡಿ ನೋಡಿ ತನ್ನದನ್ನೂ ತಿರುಗಿಸಿದಳು. ಇಂಥ ಸಾಧನೆ ಮಾಡಿದವನನ್ನು ಯಾರು ನಂಬುತ್ತಾರೆ? ನಂಬಬಾರದು. ಆದರೆ ಹೋದ ವರ್ಷ ಎಲ್ಲರೂ ಸೇರಿ ನನ್ನನ್ನು ನಂಬಿಬಿಟ್ಟರು. ನಾನು ಕೆಟ್ಟದ್ದು ಆಗ.

ಇದಕ್ಕೆಲ್ಲ ಕಾರಣ ಇಮ್ತಿಯಾಜ್. ಕಲಬುರಗಿಯವನು. ಇಲ್ಲಿನ ಕಾರಿನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದು ರಿಟೈರ್ ಆದವನು, ಎಜ್‌ಬಾಸ್ಟನ್‌ನಲ್ಲಿ ಮನೆ. ಇಂಗ್ಲೆಂಡಿನಲ್ಲಿ ನನ್ನ ಅತ್ಯಂತ ಹಳೆಯ ಗೆಳೆಯ. ಆ ಪದವಿಗೆ ಬೇರೆ ಯಾರೂ ಅರ್ಜಿ ಹಾಕಿಲ್ಲ ಎಂದು ನನ್ನ ಹೆಂಡತಿ ಸುವರ್ಣಾ ಹೇಳುತ್ತಾಳೆ. ಇಮ್ತಿಯಾಜನಿಗೆ ಒಂದೇ ಚಟ, ಹಳೆಯ ನೋಟು ಕೂಡಿಡುವುದು. ಅದರಲ್ಲೂ ಅರಬ್ ದೇಶಗಳವು, ಅದರಲ್ಲೂ ರಾಜರು ಇದ್ದ ಕಾಲದವು. ಬಾಲರಾಜನ ಮುಖವಿರುವ ಇರಾಕಿನ ನೋಟು, ಈಜಿಪ್ಟಿನ ನೋಟು, ಲಿಬಿಯಾದ ನೋಟು, ಎಲ್ಲವನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಸೇರಿಸಿ, ಕೈಗವಸು ಹಾಕಿಕೊಂಡು ತೋರಿಸುತ್ತಾನೆ. ಆದರೆ ಅವನ ಜೀವವಿರುವುದು ಸೌದಿ ಅರೇಬಿಯಾದ ಒಂದು ಕಾಗದದಲ್ಲಿ. ಅದು ನೋಟಲ್ಲ, ರಸೀದಿ. ಅವನ ದಾದಾ, ಅಂದರೆ ಅಜ್ಜ, ಮುಂಬಯಿಯಿಂದ ಹಡಗು ಹತ್ತಿ ಹಜ್‌ಗೆ ಹೋಗಿ ಬರುವಾಗ ಜೇಬಿನಲ್ಲಿ ಉಳಿದದ್ದು. ಮೇಲೆ ಖರ್ಜೂರದ ಮರ, ಅದರ ಕೆಳಗೆ ಅಡ್ಡಡ್ಡ ಎರಡು ಕತ್ತಿ, ಬಂದರಿನಲ್ಲಿ ಹಾಯಿದೋಣಿಗಳು. ಅರಬ್ಬಿಯ ಜೊತೆಗೆ ಉರ್ದು, ಫಾರ್ಸಿ, ಇಂಗ್ಲಿಷು ಅಂತ ಬಂದ ಯಾತ್ರಿಕರಿಗೆಲ್ಲ ತಿಳಿಯಲಿ ಎಂದು ಹಲವು ಭಾಷೆಗಳಲ್ಲಿ ಒಕ್ಕಣೆ.

ಈ ರಸೀದಿಯ ಕಥೆಯನ್ನು ಅವನು ನನಗೆ ಹೇಳದ ರಸ್ತೆ ಉತ್ತರ ಇಂಗ್ಲೆಂಡಿನಲ್ಲಿ ಉಳಿದಿಲ್ಲ. ಹಡರ್ಸ್‌ಫೀಲ್ಡಿನಲ್ಲೋ ಲೀಡ್ಸ್‌ನಲ್ಲೋ ಹಳೆ ನೋಟಿನ ಸಂತೆ ನಡೆದಾಗಲೆಲ್ಲ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುತ್ತಾನೆ.

"ಕೇಳ್ ಡಾಕ್ಟರ್, ಆಗಿನ ಕಾಲದಾಗ ಸೌದಿ ಮಂದಿ ಕಾಗದದ ದುಡ್ಡು ಅಂದ್ರ ಮುಟ್ತಿದ್ದಿಲ್ಲ. ಬೆಳ್ಳಿ ರಿಯಾಲ್, ಬಂಗಾರದ ಪೌಂಡು, ಇಷ್ಟೇ. ಹಾಜಿಗಳು ಪಾಪ, ಆ ಬಿಸಿಲಾಗ ಬೆಳ್ಳಿ ಚೀಲ ಹೊತ್ಗೊಂಡು ತಿರಗ್ಬೇಕು. ಹೊಸದಾಗಿ ಹಣಕಾಸಿನ ಸಂಸ್ಥೆ ಒಂದು ಮಾಡಿದ್ರು. ಅದಕ್ಕ ನೋಟು ಅಚ್ಚು ಹಾಕೋ ಅಧಿಕಾರ ಇದ್ದಿಲ್ಲ. ಏನ್ ಮಾಡಿದ್ರು ಹೇಳು?"

"ಏನ್ ಮಾಡಿದ್ರಪಾ?"

"ನೋಟ್ ಅಲ್ಲ, ಇದು ರಸೀದಿ ಅಂದ್ರು! ಬೆಳ್ಳಿ ನಮ್ಮ ಹಂತ್ಯಾಕ ಇಡ್ರಿ, ರಸೀದಿ ಒಯ್ರಿ. ಹಜ್ ಮುಗಿದ ಮ್ಯಾಲೆ ರಸೀದಿ ತಂದವ್ರಿಗೆ ಬೆಳ್ಳಿ ವಾಪಸ್. ಆಮ್ಯಾಲೆ ಏನಾತು ಅಂದ್ರ..."

ಆಮೇಲೆ ಏನಾಯಿತು ಎಂಬುದು ನನಗೆ ಗೊತ್ತಿರಲಿಲ್ಲ. ನಾನು ಅನಸ್ತೇಶಿಯಾ ಡಾಕ್ಟರಾಗಿದ್ದವನು. ಬರ್ಮಿಂಗ್‌ಹ್ಯಾಮಿನ ಅರ್ಧ ಊರನ್ನು ಮಲಗಿಸಿದ ಕೈ ಇದು, ಒಬ್ಬರೂ ಏಳದೆ ಇದ್ದದ್ದಿಲ್ಲ. ನನ್ನನ್ನೇ ಮಲಗಿಸಿದವನು ಜಗತ್ತಿನಲ್ಲಿ ಇಮ್ತಿಯಾಜ್ ಒಬ್ಬನೇ. 'ಆಮ್ಯಾಲೆ ಏನಾತು ಅಂದ್ರ' ಎನ್ನುವ ಹೊತ್ತಿಗೆ ಸರಿಯಾಗಿ ನನ್ನ ತಲೆ ಕಿಟಕಿಗೆ ತಾಗುತ್ತಿತ್ತು.

ಈ ಕಥೆಯನ್ನು ಒಂದು ಸಲ, ಒಂದೇ ಸಲ, ನಮ್ಮ ಜನರ ಮುಂದೆ ಕನ್ನಡದಲ್ಲಿ ಹೇಳಬೇಕು ಎಂಬುದು ಅವನ ಆಸೆ. ಅದರ ಹಿಂದಿನ ವರ್ಷ ಕನ್ನಡ ಕೂಟದ ವಾರ್ಷಿಕ ಹಬ್ಬದ ದಿನ ಅವಕಾಶವೂ ಸಿಕ್ಕಿತ್ತು. ಸೂಟು ಹಾಕಿಕೊಂಡು ಬಂದ. ಅವನು ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡಾಗಲೇ ಹಿಂದಿನ ಬಾಗಿಲಲ್ಲಿ ಯಾರೋ ಬಿಸಿಬೇಳೆ ಭಾತಿನ ಮುಚ್ಚಳ ತೆಗೆದರು. ವಾಸನೆ ಮುಂದಿನ ಸಾಲಿಗೆ ತಲುಪುವುದರೊಳಗೆ ಹಿಂದಿನ ಸಾಲುಗಳು ಖಾಲಿ. ಕೊನೆಗೆ ಉಳಿದದ್ದು ಪ್ರೊಜೆಕ್ಟರ್ ರಿಪೇರಿಗೆ ಬಂದ ಪೋಲೆಂಡಿನವನು ಮತ್ತು ನಾನು. ನನ್ನ ತಲೆಗೆ ಅಲ್ಲಿ ಕಿಟಕಿ ಇರಲಿಲ್ಲ, ಅಷ್ಟೆ. ಇಮ್ತಿಯಾಜ್ ಸ್ಲೈಡುಗಳನ್ನು ಮುಚ್ಚಿ, ಕೋಟಿನ ಗುಂಡಿ ಬಿಚ್ಚಿ, "ಊಟ ಆರ್ತದ, ನಡಿ" ಎಂದ. ಅಷ್ಟೇ. ಆದರೆ ಅದರ ಮುಂದಿನ ಸಂತೆಗೆ ಹೋಗುವಾಗ ಕಾರಿನಲ್ಲಿ ರೇಡಿಯೋ ಹಾಕಿದ. ಅಷ್ಟು ವರ್ಷದಲ್ಲಿ ಅವನ ಕಾರಿನಲ್ಲಿ ರೇಡಿಯೋ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ನನಗೆ ನಿದ್ದೆ ಬರಲಿಲ್ಲ.

ಆಗಲೇ ನಾನು ಜಂಬ ಕೊಚ್ಚಿದ್ದು. "ಲೇ, ಮುಂದಿನ ಹಬ್ಬಕ್ಕ ಹಾಲ್ ತುಂಬ ಮಂದಿ ಕೂಡಸ್ತೀನಿ. ನಿನ್ನ ಮಗಳನ್ನೂ ಕರಿ." ಅವನ ಮಗಳು ಝೋಯಾ ಲೀಡ್ಸ್‌ನಲ್ಲಿ ವಕೀಲೆ. ಅಪ್ಪನ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಪ್ಪನ ರಸೀದಿಯ ಮಾತು ಶುರುವಾದರೆ ಅವಳ ಇಂಗ್ಲಿಷೂ ನಿಂತುಹೋಗುತ್ತದೆ. ಇಮ್ತಿಯಾಜ್ ನನ್ನನ್ನು ನೋಡಿದ. "ಕರೀಲೇನು ಖರೇನೇ?" ಎಂದ. ಕರೆದ. ಅವಳು ಬರುತ್ತೇನೆ ಎಂದಳು. ಇನ್ನು ಹಾಲ್ ತುಂಬಲೇಬೇಕಾಯಿತು.

ಕೂಟದ ಕಾರ್ಯದರ್ಶಿ ಮಂಜುಳಾ, ಬೆಂಗಳೂರಿನ ಹುಡುಗಿ, ಐಟಿಯವಳು, ಫೋನಿನಲ್ಲೇ ಕೈ ಮುಗಿದಳು. "ಅಂಕಲ್, ಪ್ಲೀಸ್. ಭಾಷಣ ಊಟಕ್ಕೆ ಮುಂಚೆ ಇಟ್ರೆ ಬೈತಾರೆ, ಊಟ ಆದ್ಮೇಲೆ ಇಟ್ರೆ ಇರಲ್ಲ. ಮಧ್ಯ ಅಂತೂ ಜಾಗ ಇಲ್ಲ. ಆಮೇಲೆ ಸ್ಕೂಲ್ ಹಾಲ್‌ನಲ್ಲಿ ಕ್ಯಾಶ್ ತಗೊಂಡು ಊಟ ಮಾರೋ ಹಾಗೂ ಇಲ್ಲ."

"ಕ್ಯಾಶ್ ಯಾಕಮ್ಮಾ? ರಸೀದಿ ಕೊಡೋಣ" ಎಂದೆ. ಹೇಳಿದ ಮೇಲೆ ನನ್ನ ಬುದ್ಧಿವಂತಿಕೆಗೆ ನಾನೇ ಬೆರಗಾದೆ. ಒಂದು ದೊಡ್ಡ ರಾಜ್ಯ ಮಾಡಿದ್ದನ್ನು ಸೊಲಿಹಲ್‌ನ ಒಬ್ಬ ವಿಜಯಪುರದವನು ಮಾಡಬಾರದೇ?

ನನ್ನ ಇನ್ನೊಂದು ಪ್ರತಿಭೆಯನ್ನು ಇಲ್ಲಿ ಹೇಳದೆ ವಿಧಿಯಿಲ್ಲ. ಮಿಡ್‌ಲ್ಯಾಂಡ್ಸ್‌ನಲ್ಲಿ ನನ್ನಷ್ಟು ತೆಳ್ಳಗೆ ಜೋಳದ ರೊಟ್ಟಿ ತಟ್ಟುವ ಗಂಡಸಿಲ್ಲ. ಹೆಂಗಸರ ಮಾತು ಬೇಡ, ಮನೆಯಲ್ಲಿ ಇರಬೇಕಲ್ಲ. ನನ್ನ ಖಡಕ್ ರೊಟ್ಟಿ ಬೆರಳಿಂದ ಬಡಿದರೆ ಟಣ್ ಅನ್ನುತ್ತದೆ, ತಿಂಗಳುಗಟ್ಟಲೆ ಕೆಡುವುದಿಲ್ಲ. ಬೆಳ್ಳಿಯಂತೆಯೇ ಪೇರಿಸಿಡಬಹುದು. ಹಾಗಾಗಿ ವಾರ್ಷಿಕ ಹಬ್ಬಕ್ಕೆ ಕೆಲವು ತಿಂಗಳು ಮೊದಲೇ, ಯುಗಾದಿಯ ದಿನ ಕುರ್ಚಿ ಎತ್ತಿಟ್ಟವರಿಗೆ, ಪಾತ್ರೆ ತೊಳೆದವರಿಗೆ, ರಂಗೋಲಿ ಹಾಕಿದವರಿಗೆ, ಸೇವೆಗೆ ಮನ್ನಣೆಯಾಗಿ ರಸೀದಿ ಹಂಚಿದೆ. ಸುಮ್ಮನೆ ಕಾಗದವಲ್ಲ. ದಪ್ಪ ಹಾಳೆ, ಚಿನ್ನದ ಬಣ್ಣದ ಅಂಚು. ಖರ್ಜೂರದ ಮರದ ಜಾಗದಲ್ಲಿ ಜೋಳದ ತೆನೆ, ಕತ್ತಿಗಳ ಜಾಗದಲ್ಲಿ ಎರಡು ಲಟ್ಟಣಿಗೆ. ರೊಟ್ಟಿಗೆ ಲಟ್ಟಣಿಗೆ ಬೇಡ ಎಂದು ಸುವರ್ಣಾ ಹೇಳಿದ್ದು ಅಚ್ಚಾದ ಮೇಲೆ. ನಡುವೆ ಮದುವೆಯ ರುಮಾಲು ಸುತ್ತಿಕೊಂಡ ನನ್ನ ಫೋಟೊ. ಕೆಳಗೆ ಕನ್ನಡ, ಇಂಗ್ಲಿಷ್, ಉರ್ದು ಮೂರರಲ್ಲೂ ಒಕ್ಕಣೆ: 'ಈ ರಸೀದಿ ತಂದವರಿಗೆ ಇಮ್ತಿಯಾಜ್ ಸಾಹೇಬರ ಭಾಷಣ ಮುಗಿದ ಮೇಲೆ ಎರಡು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಪಲ್ಯ ಕೊಡಲಾಗುವುದು.' ಅದರ ಕೆಳಗೆ ನನ್ನ ಸಹಿ, ಗವರ್ನರ್ ಎಂದು.

ಯಾರೂ ನಂಬಲಿಲ್ಲ. "ಅಂಕಲ್, ಇದು ಪ್ರಾಂಕ್ ತಾನೆ?" ಎಂದು ಮಂಜುಳಾನೇ ಕೇಳಿದಳು. ಬಿನ್ನಿನ ಹುಡುಗ ರಸೀದಿಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮೂಸಿ ನೋಡಿದ. ನನಗೆ ಜೀವಮಾನದಲ್ಲಿ ಮೊದಲ ಸಲ ಅವಮಾನವಾಯಿತು. ಅದರ ಮುಂದಿನ ಶನಿವಾರ ಗ್ಯಾರೇಜಿನ ಬಾಗಿಲು ಎತ್ತಿ ಎಲ್ಲರನ್ನೂ ಕರೆದೆ. ರಟ್ಟಿನ ಡಬ್ಬಿಗಳು ಚಾವಣಿಯ ತನಕ. ಒಳಗೆ ಬಿಳಿ ಬಟ್ಟೆ, ಬಟ್ಟೆಯೊಳಗೆ ರೊಟ್ಟಿ. ಹಡರ್ಸ್‌ಫೀಲ್ಡಿನಿಂದ ನೆಂಟರ ಮನೆಗೆ ಬಂದಿದ್ದ ಒಬ್ಬ ಅಕೌಂಟೆಂಟ್ ಡಬ್ಬಿ ತೆಗೆಸಿ, ರೊಟ್ಟಿ ಮುರಿದು, ಅಗಿದು, "ಅಸೆಟ್ ಇದೆ" ಎಂದು ತೀರ್ಪು ಕೊಟ್ಟ. ಜನ ಚಪ್ಪಾಳೆ ತಟ್ಟಿದರು. ಸುವರ್ಣಾ ಒಬ್ಬಳೇ ಅಡುಗೆಮನೆ ಬಾಗಿಲಿಗೆ ಒರಗಿ ನಿಂತು, "ಕಾರ್ ಎಲ್ಲಿ ಹಚ್ತೀರಿ ಮಳಿ ಬಂದ್ರ?" ಎಂದಳು.

ಆಮೇಲೆ ನಡೆದದ್ದನ್ನು ನಾನು ಗಮನಿಸಿದ್ದೆ, ಆದರೆ ಅರ್ಥ ಮಾಡಿಕೊಳ್ಳಲಿಲ್ಲ. ಮೊದಲು ಒಬ್ಬಳು ರಸೀದಿ ಕೊಟ್ಟು ಇನ್ನೊಬ್ಬಳಿಂದ ಸೀರೆಗೆ ಫಾಲ್ ಹಾಕಿಸಿಕೊಂಡಳು. ಒಬ್ಬ ಏರ್‌ಪೋರ್ಟಿಗೆ ಬಿಟ್ಟುಬಂದವನ ಕೈಗೆ ಪೆಟ್ರೋಲಿಗೆ ಎಂದು ರಸೀದಿ ತುರುಕಿದ. ನನ್ನ ಹಳೆ ಆಸ್ಪತ್ರೆಯ ಇಬ್ಬರು ಹುಡುಗ ಡಾಕ್ಟರುಗಳು ರಸೀದಿಯ ಮೇಲೆ ಡ್ಯೂಟಿಯ ರೋಟಾ ಅದಲುಬದಲು ಮಾಡಿಕೊಂಡರು ಎಂದು ಕೇಳಿ ನನಗೆ ಎದೆ ಉಬ್ಬಿತು. ಎಲ್ಲಕ್ಕಿಂತ ಹೆಚ್ಚು ನಡೆದದ್ದು ಮುಯ್ಯಿಯಲ್ಲಿ. ನಮ್ಮವರು ಲಕೋಟೆಯಲ್ಲಿ ಐವತ್ತು ಇಟ್ಟರೆ ಐವತ್ತೊಂದಾಗಬೇಕು. ಆ ಮೇಲಿನ ಒಂದಕ್ಕೆ ಇಲ್ಲಿ ಪೌಂಡಿನ ನಾಣ್ಯವನ್ನು ಟೇಪ್ ಹಚ್ಚಿ ಅಂಟಿಸಬೇಕು. ಅದು ಲಕೋಟೆ ಹರಿದುಕೊಂಡು ಬೀಳುತ್ತದೆ, ಗೃಹಪ್ರವೇಶದ ಮನೆಯಲ್ಲಿ ಸೋಫಾದಡಿ ಉರುಳುತ್ತದೆ. ಯಾರೋ ಒಬ್ಬರು ಅದರ ಜಾಗದಲ್ಲಿ ರೊಟ್ಟಿ ರಸೀದಿ ಇಟ್ಟರು. ಚಪ್ಪಟೆ, ಚಿನ್ನದಂಚು, ಮೇಲಾಗಿ ಅನ್ನದ ಗುರುತು, ಶುಭ. ಅಲ್ಲಿಂದ ಹಿಡಿದು ನಾಮಕರಣವಿರಲಿ, ಹುಟ್ಟುಹಬ್ಬವಿರಲಿ, ಮಾರ್ಟ್‌ಗೇಜ್ ತೀರಿದ ಪಾರ್ಟಿಯಿರಲಿ, ಐವತ್ತರ ಮೇಲಿನ ಒಂದು ನಾನೇ. ರುಮಾಲು ಸುತ್ತಿದ ನನ್ನ ಮುಖ ಮನೆಮನೆಯ ದೇವರ ಗೂಡಿನಲ್ಲಿ, ಕುಂಕುಮ ಹಚ್ಚಿಸಿಕೊಂಡು ಕೂತಿತು.

ವಾರ್ಷಿಕ ಹಬ್ಬದ ದಿನ ಬಂತು. ರೊಟ್ಟಿಯ ಡಬ್ಬಿಗಳನ್ನು ವ್ಯಾನಿನಲ್ಲಿ ತಂದು ಹಾಲಿನ ಬದಿಯ ಮೇಜಿನ ಮೇಲೆ ಪೇರಿಸಿದೆವು. ಮಧ್ಯಾಹ್ನ ಹನ್ನೆರಡಕ್ಕೆ ಭಾಷಣ ಎಂದು ಎಲ್ಲರಿಗೂ ಹೇಳಿತ್ತು, ಊಟದ ಕಾರ್ಯಕ್ರಮ ಅದರ ನಂತರ. ಹನ್ನೆರಡಾಯಿತು. ಹಾಲಿನಲ್ಲಿ ಇದ್ದದ್ದು ಇಮ್ತಿಯಾಜ್, ಅದೇ ಸೂಟು. ಮುಂದಿನ ಸಾಲಿನಲ್ಲಿ ಝೋಯಾ. ಮಂಜುಳಾ, ಸುವರ್ಣಾ, ನಾನು. ಉಳಿದಂತೆ ಕುರ್ಚಿಗಳು.

"ಜನ ಎಲ್ಲಮ್ಮಾ?" ಎಂದು ಮಂಜುಳಾಳನ್ನು ಕೇಳಿದೆ.

"ಒಂದೂವರೆಗೆ ಬರ್ತೀವಿ ಅಂತಿದಾರೆ ಅಂಕಲ್, ಊಟದ ಹೊತ್ತಿಗೆ."

"ರಸೀದಿ? ರೊಟ್ಟಿ?"

"ರೊಟ್ಟಿ ಎಲ್ಲಿ ಹೋಗುತ್ತೆ ಅಂಕಲ್, ಗ್ಯಾರೇಜಲ್ಲಿ ಇದ್ದೇ ಇದೆಯಲ್ಲ, ನಾವೇ ನೋಡಿದ್ದೀವಲ್ಲ ಅಂತಾರೆ. ನಂಗೂ ಹಾಗೇ ಅನ್ಸಿತ್ತು. ನಾಳಿದ್ದು ನನ್ ಫ್ರೆಂಡ್ ಸೀಮಂತ, ರಸೀದಿ ಬೇಕೇ ಬೇಕು. ತಿಂದು ಖಾಲಿ ಮಾಡಿದ್ರೆ ಲಕೋಟೆಗೆ ಏನಿಡ್ಲಿ?"

ನಾನು ಕೂತುಬಿಟ್ಟೆ. ಇಮ್ತಿಯಾಜ್ ವೇದಿಕೆಯಿಂದ ಇಳಿದು ಬಂದ. ಕೋಪ ಮಾಡಿಕೊಳ್ಳುತ್ತಾನೆ ಅಂದುಕೊಂಡೆ. ಅವನ ಮುಖದಲ್ಲಿ ಇದ್ದದ್ದು ಆಶ್ಚರ್ಯ.

"ಅರೇ ಡಾಕ್ಟರ್, ಕಾರ್‌ನಾಗ ಇಷ್ಟು ಸರ್ತಿ ಹೇಳೀನಲ್ಲೋ. ಹಾಜಿಗಳು ಊರಿಗಿ ಹೋದ್ರು, ರಸೀದಿ ಅಲ್ಲೇ ಅಂಗಡ್ಯಾಗ ಉಳೀತು. ಅಂಗಡಿಯವ್ರು ಬೆಳ್ಳಿ ಕೊಡ್ರಿ ಅಂತ ತರ್ಲೇ ಇಲ್ಲ. ಬೆಳ್ಳಿ ಪೂರ್ತಿ ಅದ ಅಂತ ಗೊತ್ತಿತ್ತು, ಅದಕ್ಕೇ ತರ್ಲಿಲ್ಲ. ಹಗುರ ಇತ್ತು, ಜೇಬಿನಾಗ ಕೂಡ್ತಿತ್ತು. ರಸೀದಿನೇ ರೊಕ್ಕ ಆತು. ಮೊದಲ ಹೇಳಿದ್ನೆಲ್ಲ ಕೇಳಿದಿ, ಇದೊಂದು ಕೇಳ್ಲಿಲ್ಲೇನು?"

'ಆಮ್ಯಾಲೆ ಏನಾತು ಅಂದ್ರ' ಎಂಬುದರ ಉತ್ತರ ಇದು. ನನ್ನ ಗ್ಯಾರೇಜನ್ನು ಜನ ನೋಡದೆ ಹೋಗಿದ್ದರೆ, ಅನುಮಾನಕ್ಕಾದರೂ ಓಡಿ ಬರುತ್ತಿದ್ದರು. ನಂಬಿಸಿದ್ದೇ ತಪ್ಪಾಯಿತು. ಝೋಯಾ ಕುರ್ಚಿಯಲ್ಲಿ ಫೋನು ನೋಡುತ್ತಾ ಕೂತಿದ್ದಳು. ಆಗಾಗ ತಲೆ ಎತ್ತಿ ಖಾಲಿ ಹಾಲನ್ನೂ ಅಪ್ಪನನ್ನೂ ನೋಡಿ ಮತ್ತೆ ತಲೆ ತಗ್ಗಿಸುತ್ತಿದ್ದಳು. "ಡ್ಯಾಡ್, ಇಟ್ಸ್ ಫೈನ್, ನೀವು ನನಗೇ ಹೇಳಿ" ಎಂದಳು. ಕನ್ನಡದಲ್ಲಿ ಅಷ್ಟು ಹೇಳಿದ್ದು ಕೇಳಿ ಇಮ್ತಿಯಾಜ್ ಮತ್ತೆ ವೇದಿಕೆ ಹತ್ತಿದ. ನನಗೆ ಇನ್ನೂ ಕೆಟ್ಟದೆನಿಸಿತು.

ಕೂಡಲೇ ಕೂಟದ ವಾಟ್ಸಾಪ್ ಗುಂಪಿಗೆ ಬರೆದೆ: 'ರೊಟ್ಟಿ ಖಾಲಿಯಾಗುತ್ತಿದೆ. ತಕ್ಷಣ ಬನ್ನಿ.' ಉತ್ತರವಾಗಿ ಬಂದದ್ದು ನಗುವ ಮುಖಗಳ ಸಾಲು. 'ಡಾಕ್ಟ್ರೇ, ಇವತ್ತು ಬಿನ್ ಯಾವ ದಿಕ್ಕಿಗೆ?' ಎಂದು ಮೈಸೂರಿನ ಹುಡುಗ. ಗ್ಯಾರೇಜನ್ನು ನಂಬಿದವರು ಗವರ್ನರನ್ನು ನಂಬಲಿಲ್ಲ.

ನಾನು ಸುವರ್ಣಾಳ ಕಡೆ ತಿರುಗಿದೆ. ಅವಳು ಈ ಗುಂಪಿನಲ್ಲಿ ಇಷ್ಟು ವರ್ಷದಲ್ಲಿ ಒಂದು ಅಕ್ಷರ ಬರೆದವಳಲ್ಲ. "ನೀ ಒಂದು ಸಾಲು ಬರಿ. ರೊಟ್ಟಿ ಮುಗದಾವಂತ."

"ನಾ ಸುಳ್ಳ ಬರಿಯಾಂಗಿಲ್ಲ."

"ಒಂದ ಸಾಲು, ಆ ಮನಶಾನ ಸಲುವಾಗಿ."

ಅವಳು ವೇದಿಕೆಯ ಮೇಲೆ ಸ್ಲೈಡು ಸರಿಮಾಡುತ್ತಿದ್ದ ಇಮ್ತಿಯಾಜನನ್ನು ನೋಡಿದಳು. ಕನ್ನಡಕ ಏರಿಸಿಕೊಂಡು, ಒಂದೇ ಬೆರಳಿನಲ್ಲಿ, ನಿಧಾನವಾಗಿ ಬರೆದಳು: 'ರೊಟ್ಟಿ ಭಾಳ ಕಮ್ಮಿ ಅದಾವು. ಬೇಕಾದವರು ಲಗೂನ ಬರ್ರಿ. ಸುವರ್ಣಾ.'

ಅರ್ಧ ಗಂಟೆಯಲ್ಲಿ ಶಾಲೆಯ ಕಾರ್ ಪಾರ್ಕು ತುಂಬಿತು. ಕೆಲವರು ಮನೆಯೊಳಗಿನ ಚಪ್ಪಲಿಯಲ್ಲೇ ಬಂದಿದ್ದರು, ಒಬ್ಬಳ ತಲೆಯಲ್ಲಿ ಇನ್ನೂ ಟವೆಲ್. ಎಲ್ಲರ ಕೈಯಲ್ಲೂ ರುಮಾಲಿನ ನಾನು. ಬಂದವರು ನೇರ ಡಬ್ಬಿಗಳ ಕಡೆ ನುಗ್ಗಿದರು. ಸುವರ್ಣಾ ಮೇಜಿನ ಮುಂದೆ ನಿಂತು ರಸೀದಿಯ ಒಕ್ಕಣೆ ತೋರಿಸಿದಳು. "ಇಲ್ಲಿ ಏನ್ ಬರದೈತಿ? ಭಾಷಣ ಮುಗಿದ ಮ್ಯಾಲೆ. ಕುಂದರ್ರಿ." ಕುಳಿತರು.

ಇಮ್ತಿಯಾಜ್ ಮಾತಾಡಿದ. ಏನು ಮಾತಾಡಿದ! ಬೆಳ್ಳಿಯ ಚೀಲಗಳು, ಬಂದರಿಗೆ ಬಂದ ಹಡಗುಗಳು, ರಸೀದಿ ಹಿಡಿದು ಮೊದಲು ಅಳುಕಿದ ಯಾತ್ರಿಕ, ತೂಕ ಕಮ್ಮಿಯಾದ ಜೇಬು ತಟ್ಟಿಕೊಂಡು ನಕ್ಕ ದಾದಾ. ಈ ಕಾಗದವೇ ಇಂಗ್ಲೆಂಡಿನಲ್ಲಿ ಅಚ್ಚಾಗಿ ಹಡಗು ಹತ್ತಿತ್ತು ಎಂದಾಗ ಜನ ಓಹೋ ಎಂದರು. ನಾನೂ ಎದ್ದೇ ಇದ್ದೆ. ರಸೀದಿ ಹೇಗೆ ಹಣವಾಯಿತು ಎಂಬಲ್ಲಿಗೆ ಬಂದಾಗ ಅವನು ನನ್ನ ರೊಟ್ಟಿ ರಸೀದಿಯನ್ನೇ ಎತ್ತಿ ತೋರಿಸಿದ. ಹಾಲ್ ನಕ್ಕಿತು, ತಮ್ಮ ಕೈಯಲ್ಲಿದ್ದದ್ದನ್ನು ನೋಡಿಕೊಂಡು ಮತ್ತೆ ನಕ್ಕಿತು.

ಆಗ ಝೋಯಾ ಕೈ ಎತ್ತಿದಳು. ಈ ಸಲ ಡ್ಯಾಡ್ ಎನ್ನಲಿಲ್ಲ. "ಅಬ್ಬಾ, ಒಂದು ಕ್ವೆಶ್ಚನ್. ಆಮೇಲೆ ಆ ರಸೀದಿಗೆ ಏನಾಯ್ತು?"

ಇಮ್ತಿಯಾಜ್ ಅವಳ ಕಡೆಗೇ ತಿರುಗಿದ. "ಆಮ್ಯಾಲೆ ಏನಾತು ಅಂದ್ರ, ಬೇಟಾ, ಖರೇ ನೋಟು ಬಂದ್ವು. ರಸೀದಿ ವಾಪಸ್ ತಗೊಂಡ್ರು, ಇಂಥ ತಾರೀಖಿನ ತನಕ ಅಂತ ವಾಯಿದಾ ಕೊಟ್ರು. ವಾಯಿದಾದಾಗ ತಂದವ್ರು ಬದಲಿ ಮಾಡ್ಕೊಂಡ್ರು. ತರದೇ ಇದ್ದವ್ರ ಕೈಯಾಗ ಉಳಿದಿದ್ದು ನೋಡು, ನನ್ ದಾದಾನ ಹಂಗ, ಬರೀ ಕಾಗದ."

ಎಲ್ಲರೂ ತಮ್ಮ ಕೈಯಲ್ಲಿದ್ದ ನನ್ನನ್ನು ನೋಡಿದರು, ನಂತರ ಮೇಜಿನ ಪಕ್ಕದಲ್ಲಿದ್ದ ನನ್ನನ್ನು ನೋಡಿದರು. ಮೊದಲು ಎದ್ದವನು ಮೈಸೂರಿನ ಹುಡುಗ. ಅದಾದ ಮೇಲೆ ಯಾರು ಎರಡನೆಯವರು ಎಂದು ಹೇಳುವುದು ಕಷ್ಟ. ಮಂಜುಳಾ ಕೂಡ ಸೀಮಂತ ಮರೆತು ಓಡಿದಳು. ನಾನು ಗವರ್ನರ್, ನಗುತ್ತಾ ಮೊದಲ ಡಬ್ಬಿ ತೆಗೆದೆ. ಮೇಲಿನ ಪದರ ರೊಟ್ಟಿ. ಕೆಳಗೆ ಹಳೆ ಪೇಪರು. ಎರಡನೆಯ ಡಬ್ಬಿಯೂ ಹಾಗೇ. ಮೂರನೆಯದರಲ್ಲಿ ಬಟ್ಟೆ ಮಾತ್ರ.

"ಇದೇನಿದು?" ಎಂದೆ.

"ಸುಳ್ಳ ಬರಿಯಾಂಗಿಲ್ಲ ಅಂದಿದ್ನಲ್ಲ" ಎಂದಳು ಸುವರ್ಣಾ. "ಯೂನಿವರ್ಸಿಟಿ ಹಾಸ್ಟೆಲ್ಲಿನ ನಮ್ಮ ಹುಡ್ಗೂರು ಹಸಗೊಂಡು ಬರ್ತಾವು, ಕೊಟ್ಟೆ. ಮಾರ್ಗರೆಟ್ ಚೀಸ್ ಹಚ್ಕೊಂಡು ತಿಂತಾಳ, ಅಕಿಗೂ ಕೊಟ್ಟೆ. ಡಬ್ಬಿ ಕುಸೀಬಾರ್ದಂತ ಪೇಪರ್ ತುಂಬಿದೆ. ಎತ್ತಿ ನೋಡಾಕ ನಿಮಗ ಸೊಂಟ ಬಗ್ಗಬೇಕಲ್ಲ? ವ್ಯಾನ್‌ನಾಗ ಹಾಕುಮುಂದನೂ ಹಗುರ ಅದಾವು ಅಂತ ತಿಳೀಲಿಲ್ಲ ನಿಮಗ."

ತಿಳಿದಿತ್ತು. ನನ್ನ ತೋಳಿನ ಶಕ್ತಿ ಎಂದುಕೊಂಡಿದ್ದೆ.

ರೊಟ್ಟಿ ಸಿಗದವರು ರಸೀದಿ ಹಿಡಿದು ಕೂಗಾಡಿದರು. ಇಮ್ತಿಯಾಜ್ ಮಾತ್ರ ವೇದಿಕೆಯ ಮೇಲೆ, ಬಾಯಿ ತುಂಬ ನಗುತ್ತಾ ನಿಂತಿದ್ದ. ಅವನ ಭಾಷಣದ ನಡುವೆ ಎದ್ದು ಓಡಿದರಲ್ಲ ಎಂದು ನಾನು ಸಮಾಧಾನ ಹೇಳಹೋದರೆ, "ಹೋದ್ ಸರ್ತಿ ತಿಳೀದೆ ಎದ್ದು ಹೋಗಿದ್ರು, ಈ ಸರ್ತಿ ತಿಳಿದು ಎದ್ದು ಹೋದ್ರು" ಎಂದು ಝೋಯಾಳ ಹೆಗಲು ತಟ್ಟಿದ. ಅವಳು ಅವನ ಕೈಗವಸು ಹಾಕಿಕೊಂಡು ದಾದಾನ ರಸೀದಿಯನ್ನು ಹಿಡಿದು, ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

ಈಗ ಪ್ರತಿ ಶನಿವಾರ ನನ್ನ ಮನೆ ಬಾಗಿಲಿಗೆ ರಸೀದಿದಾರರು ಬರುತ್ತಾರೆ, ನಾನು ಹಿಟ್ಟು ನಾದುತ್ತೇನೆ. ಸುವರ್ಣಾ ಕುರ್ಚಿ ಹಾಕಿಕೊಂಡು ಕೂತು, ಅಂಚು ದಪ್ಪ ಆಯಿತು ಎನ್ನುತ್ತಾಳೆ. ಕೊನೆಯ ರಸೀದಿ ತೀರುವ ತನಕ ಹೊಸದು ಅಚ್ಚು ಹಾಕುವಂತಿಲ್ಲ ಎಂದು ಕೂಟದವರು ನಿರ್ಣಯ ಮಾಡಿದ್ದಾರೆ. ಇಮ್ತಿಯಾಜನನ್ನು ಮ್ಯಾಂಚೆಸ್ಟರಿನ ಕನ್ನಡಿಗರು ಅದೇ ಭಾಷಣಕ್ಕೆ ಕರೆದಿದ್ದಾರೆ. ಮೊನ್ನೆ ಫೋನು ಮಾಡಿದ್ದ. "ಡಾಕ್ಟರ್, ಈ ಸರ್ತಿ ರೊಟ್ಟಿ ಬ್ಯಾಡ. ನೀ ಒಬ್ಬಾವ ಬಾ. ಮುಂದಿನ ಸಾಲಿನಾಗ ಕೂಡು. ನಡುವ ಒಂದು ಸಲ ಎದ್ದು ನಿಲ್ಲು, ಮಂದಿ ನೋಡ್ಲಿ, ದಿವಾಳಿ ಆದ ಗವರ್ನರ್ ಹಿಂಗಿರ್ತಾನ ಅಂತ." ಜೀವಮಾನವೆಲ್ಲ ಊರನ್ನು ಕುಣಿಸಿದವನು ಇನ್ನೊಬ್ಬರ ಭಾಷಣದಲ್ಲಿ ಉದಾಹರಣೆಯಾಗಿ ಎದ್ದು ನಿಲ್ಲುವುದೇ? ನನಗೆ ಪುರುಸೊತ್ತಿಲ್ಲ ಎಂದು ಖಡಾಖಂಡಿತವಾಗಿ ಹೇಳಿ ಫೋನಿಟ್ಟೆ. ನೀಲಿ ಸೂಟನ್ನು ಡ್ರೈಕ್ಲೀನಿಂಗಿಗೆ ಕೊಟ್ಟು ಬಂದಿದ್ದೇನೆ, ಮಂಗಳವಾರ ಸಿಗುತ್ತದೆ.